ಚೆಂಡು ಇದ್ದ ಮನೆ

ಅಣ್ಣಿಗೇರಿ
೧೨ ಸೆಪ್ಟೆಂಬರ್ ೧೯೭೬

ಪ್ರೀತಿಯ ಇಮಾಮಭಾಯಿ,

ನನ್ನ ಗುರುತು ಹತ್ತುತ್ತದೋ ಇಲ್ಲವೋ. ನಾನು ಮಡಿವಾಳೆಪ್ಪ, ಕನ್ನಡ ಶಾಲೆಯ ಮಾಸ್ತರರ ಮಗ. ನೀವು ಗೂಡ್ಸ್‌ಶೆಡ್ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದಾಗ ನಿಮ್ಮ ಗೋಲಿನ ಹಿಂದೆ ನಿಂತು ಚೆಂಡು ಹೆಕ್ಕಿ ಕೊಡುತ್ತಿದ್ದವ. ಗೋಲಾದಾಗಲೂ ಕೂಗುತ್ತಿರಲಿಲ್ಲವೆಂದು ನೀವು ನನ್ನನ್ನು ‘ಮೂಕಾ’ ಎನ್ನುತ್ತಿದ್ದಿರಿ. ನೀವು ರೈಲ್ವೆ ಸೇರಿ ಗುಂತಕಲ್ಲಿಗೆ ಹೋಗಿ ಏಳು ವರ್ಷವಾಯಿತು. ವಿಳಾಸವನ್ನು ನಿಮ್ಮ ಅಕ್ಕ ರಜಿಯಾಬೇಗಂ ಅವರಿಂದ ಇಸಿದುಕೊಂಡೆ. ಕಾರ್ಡಿನಲ್ಲಿ ಬರೆದರೆ ಪೋಸ್ಟಮನ್ ಬಸಣ್ಣ ಚಹಾದಂಗಡಿಯಲ್ಲಿ ನಿಂತು ಎಲ್ಲರಿಗೂ ಓದಿ ಹೇಳುತ್ತಾನೆ. ಅದಕ್ಕೇ ಮಡಚಿ ಅಂಟಿಸುವ ಇನ್‌ಲ್ಯಾಂಡ್ ಕಾಗದ ತಂದೆ.

ಧಾರವಾಡದಲ್ಲಿ ಕನ್ನಡ ಎಂ.ಎ. ಮುಗಿಸಿ ಈಗ ಮನೆಯಲ್ಲಿದ್ದೇನೆ. ಬರುವ ಜನವರಿ ಇಪ್ಪತ್ತಾರಕ್ಕೆ ಕ್ಲಬ್ಬಿಗೆ ಇಪ್ಪತ್ತೈದು ತುಂಬುತ್ತದೆ. ಯಜಮಾನಿಕೆ ಮತ್ತೆ ಅರಳೆ ಗಿರಣಿಯ ಈರಬಸಪ್ಪ ಸಾವಕಾರರ ಕೈಗೆ ಬಂದಿದೆ. ಬೆಳ್ಳಿ ಹಬ್ಬಕ್ಕೆ ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. ಕ್ಲಬ್ಬಿನ ಇತಿಹಾಸ ಬರೆಯಲು ನನ್ನನ್ನು ಕರೆಸಿದ್ದರು. “ಎಂ.ಎ. ಮಾಡೀಯಲ್ಲ, ಬರಿ. ಮಾತಾಡಾಕಂತೂ ಬರೂದಿಲ್ಲ ನಿನಗ,” ಅಂದರು.

ಈಗಿನ ಮ್ಯಾನೇಜರ್ ಮುದಕಪ್ಪನನ್ನು ನೀವು ನೋಡಿಲ್ಲ. ಗಿರಣಿಯಲ್ಲಿ ಅರಳೆ ತೂಗುವವ. ಯಾರು ಆಡಬೇಕೆಂಬುದನ್ನು ಗಿರಣಿಯ ಹಾಜರಿ ನೋಡಿ ನಿರ್ಧರಿಸುತ್ತಾನೆ. ಮೇ ತಿಂಗಳಲ್ಲಿ ನವಲಗುಂದದವರ ಮೇಲೆ ಆಡುವಾಗ ಲೈನ್‌ಮನ್ ಬಾವುಟ ಎತ್ತಿದ. ಇವನು ಒಳಗೆ ನುಗ್ಗಿ, “ಎಂಥಾ ಆಫ್‌ಸೈಡೋ? ನಮ್ಮ ಊರ ಮೈದಾನ ಐತಿ, ನಮ್ಮ ಹುಡುಗ್ರು ಎಲ್ಲಿ ಬೇಕಾದಲ್ಲಿ ನಿಂದರತಾರ!” ಎಂದು ಕೂಗಿದ. ಮಧ್ಯಂತರದಲ್ಲಿ ಆಟಗಾರರಿಗೆ ಕೊಡುವ ನಿಂಬೆಹಣ್ಣಿನ ತಟ್ಟೆಗೆ ತಂಬಾಕು ತಿಕ್ಕಿದ ಕೈ ಹಾಕುತ್ತಾನೆ. ಹುಡುಗರು ಅದನ್ನೇ ಚೀಪುತ್ತಾರೆ. ನೋಡುತ್ತ ನಿಂತ ನನಗೆ ಹೇಸಿಗೆಯಾಗುತ್ತದೆ.

ಇತಿಹಾಸಕ್ಕೆ ಮೊದಲ ವಾಕ್ಯ ಸಿಕ್ಕಿದೆ, ಕೇಳಿ: ‘ಬೇಸಿಗೆಯಲ್ಲಿ ನಮ್ಮ ಎರೆಮಣ್ಣಿನ ಮೈದಾನ ಸಾವಿರ ಬಾಯಿ ತೆರೆದು ಆಟ ನೋಡುತ್ತದೆ, ಆದರೆ ಒಂದು ಬಾಯಿಯೂ ಸಾಕ್ಷಿ ಹೇಳುವುದಿಲ್ಲ.’ ಹೇಗಿದೆ?

ನಿಮಗೆ ನೆನಪಿದ್ದದ್ದನ್ನೆಲ್ಲ ಬರೆಯಿರಿ. ೧೯೬೮ರ ಫೈನಲ್ಲಿನ ಬಗ್ಗೆಯೂ. ಗದಗಿನವರು ಮೂರು ಗೋಲು ಹೊಡೆದದ್ದು ಆಗಿನ ಮ್ಯಾನೇಜರ್ ಶರೀಫಸಾಬರ ತಪ್ಪಿನಿಂದ ಎಂದು ಊರೆಲ್ಲ ಹೇಳುತ್ತದೆ. ಹಾಗೆಂದೇ ಬರೆಯಲೆ?

ನಿಮ್ಮ
ಮಡಿವಾಳೆಪ್ಪ

*

ಗುಂತಕಲ್
೨೬ ಸೆಪ್ಟೆಂಬರ್ ೧೯೭೬

ಲೇ ಮೂಕಾ,

ನೀನು ಇಷ್ಟು ಮಾತಾಡಿದ್ದನ್ನು ನಾನು ಇದೇ ಮೊದಲು ನೋಡಿದ್ದು, ಅದೂ ಕಾಗದದ ಮೇಲೆ. ಖುಷಿಯಾಯಿತು. ಇಲ್ಲಿ ನಾನು ಪಾಯಿಂಟ್ಸ್‌ಮನ್. ಗಾಡಿಯನ್ನು ಸರಿಯಾದ ಹಳಿಗೆ ತಿರುಗಿಸುವುದು ನನ್ನ ಕೆಲಸ. ಒಂದು ಸಲ ತಪ್ಪು ಹಳಿಗೆ ಬಿಟ್ಟರೆ ಆಮೇಲೆ ಎಷ್ಟು ಕೈ ಬೀಸಿದರೂ ನಿಲ್ಲುವುದಿಲ್ಲ.

ನಿನ್ನ ಮುದಕಪ್ಪನ ಸುದ್ದಿ ಓದಿ ಉಗುಳಬೇಕೆನ್ನಿಸಿತು. ಮ್ಯಾನೇಜರ್ ಅಂದರೆ ಶರೀಫಸಾಬರು. ದರ್ಜಿ ಕೆಲಸ ಅವರದು. ಆಟಗಾರನ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. “ಇವತ್ತ ನಿನ್ನ ಎಡಗಾಲ ಸುಳ್ಳ ಹೇಳಾಕ ಹತ್ತೈತಿ, ಹೊರಗ ಕುಂದ್ರು,” ಅನ್ನುತ್ತಿದ್ದರು. ಯಾರ ಮಗ, ಯಾವ ಓಣಿ ಎಂದು ಒಮ್ಮೆಯೂ ಕೇಳಲಿಲ್ಲ. ಅವರ ಬಗ್ಗೆ ಕೆಟ್ಟದ್ದು ಬರೆಯಬೇಡ.

ಯಜಮಾನಿಕೆಯ ಕಥೆ ಬರೆದುಕೋ. ಮೊದಲಿಗೆ ಕ್ಲಬ್ಬು ಯಾರ ಸ್ವತ್ತೂ ಆಗಿರಲಿಲ್ಲ, ಗೂಡ್ಸ್‌ಶೆಡ್ಡಿನ ಹಮಾಲರದು. ೧೯೬೧ರಲ್ಲಿ ಈರಬಸಪ್ಪ ಸಾಗವಾನಿ ಗೋಲುಕಂಬ ಕೊಟ್ಟು ಅಧ್ಯಕ್ಷನಾದ. ೧೯೬೬ರಲ್ಲಿ ಅಡತಿ ಅಂಗಡಿಯ ಹೊಳೆಪ್ಪ ಹನ್ನೊಂದು ಬನಿಯನ್ನು ಕೊಟ್ಟು ತಾನೂ ಅಧ್ಯಕ್ಷ ಅಂದ. ಸಿಟ್ಟು ಬಂದ ದಿನ ಒಬ್ಬ ಕಂಬ ಕೀಳಿಸಿ ಗಿರಣಿಗೆ ಒಯ್ಯುತ್ತಿದ್ದ, ಇನ್ನೊಬ್ಬ ನಮ್ಮ ಮೈಮೇಲಿನ ಬನಿಯನ್ನು ಬಿಚ್ಚಿಸಿಕೊಂಡು ಹೋಗುತ್ತಿದ್ದ. ಒಂದು ಭಾನುವಾರ ಚಕ್ಕಡಿಯ ನೊಗ ನೆಟ್ಟು, ಬರಿಮೈಯಲ್ಲಿ ಆಡಿ ಗೆದ್ದೆವು.

ಆದರೆ ಇಬ್ಬರೂ ಚೆಂಡನ್ನು ಮಾತ್ರ ಒಯ್ಯಲಿಲ್ಲ. ಯಾಕೆ ಹೇಳು? ಅದು ತೊಗಲಿನದು. ಇಬ್ಬರ ಮನೆಯಲ್ಲೂ ತೊಗಲು ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಅದನ್ನು ಹೊಲಿದ ಸಮಗಾರ ರಾಮಪ್ಪಮಾಮಾನ ಮನೆಯಲ್ಲೇ ಉಳಿಯಿತು. ಅವರದೊಂದು ರೀತಿ ಇತ್ತು. ಚೆಂಡನ್ನು ಹೊರಗೆ ತಂದು ಕೊಡುವುದಿಲ್ಲ. “ಬೇಕಂದ್ರ ಒಳಗ ಬರ್ರಿ,” ಅನ್ನುವರು. ಆಟದ ದಿನ ಒಬ್ಬ ಆಟಗಾರ ಒಳಗೆ ಹೋಗಿ, ಅವರ ಹೆಂಡತಿ ತಾಯವ್ವತ್ತಿ ಕೊಟ್ಟ ನೀರು ಕುಡಿದು, ಎರಡೂ ಕೈಯಲ್ಲಿ ಚೆಂಡು ತರಬೇಕು. ದೊಡ್ಡ ಮನೆಯ ಹುಡುಗರೂ ಹೋದರು. ಮನೆಯಲ್ಲಿ ಹೇಳಲಿಲ್ಲ, ಅಷ್ಟೇ. ಸಾವಕಾರರ ಮಡಿಯೇ ಕ್ಲಬ್ಬನ್ನು ಸಾವಕಾರರಿಂದ ಕಾಪಾಡಿತು ನೋಡು. ನಿನ್ನ ಇತಿಹಾಸವನ್ನು ಆ ಮನೆಯಿಂದ ಶುರು ಮಾಡು.

೧೯೬೮ ಕೇಳಿದ್ದೀ. ಸಂಜೆಯ ಬಿಸಿಲು ನನ್ನ ಕಣ್ಣಿಗೆ ಹೊಡೆಯಿತು. ಅಷ್ಟೇ ಬರೆ.

ಇಮಾಮುದ್ದೀನ

*

ಅಣ್ಣಿಗೇರಿ
೨೦ ಅಕ್ಟೋಬರ್ ೧೯೭೬

ಪ್ರೀತಿಯ ಇಮಾಮಭಾಯಿ,

ನೀವು ಹೇಳಿದಂತೆ ರಾಮಪ್ಪನ ಮನೆಗೆ ಹೋಗಿದ್ದೆ. ಹೊರಗೆ ಕಟ್ಟೆಯ ಮೇಲೆ ಗಾಳಿ ಚೆನ್ನಾಗಿತ್ತು, ಅಲ್ಲೇ ಕುಳಿತೆವು. ಅವನು ಮಾತಾಡಿದ, ನಾನು ಬರೆದುಕೊಂಡೆ. ಅವನ ಮಾತನ್ನು ಹಾಗೇ ಇಡುತ್ತೇನೆ:

“ಗೂಡ್ಸ್ ಗಾಡಿ ಗಾರ್ಡಸಾಹೇಬ ಒಬ್ಬಾಂವ ಹರದ ಚೆಂಡ ಒಗದು ಹೋದ, ತಮ್ಮಾ. ಚಪ್ಪಲಿಗೆ ಬರತೈತಿ ಅಂತ ಎತಗೊಂಡ ಬಂದೆ. ಕೊಯ್ಯಾಕ ಕುಂತೆ. ಮನಸಾಗಲಿಲ್ಲ. ಹದಿನೆಂಟು ತುಂಡು. ಒಂದೂ ಗುಂಡಗಿಲ್ಲ, ಕೂಡಿಸಿದ್ರ ಗುಂಡಗ! ಯಾವ ಪುಣ್ಯಾತ್ಮನ ತಲಿಗೆ ಹೊಳೀತೋ ಏನೋ. ಹೊಲದೆ. ಹೊಲದ ಮ್ಯಾಲ ಒದಿಯಾಕ ಮಂದಿ ಬೇಕಲ್ಲ? ಹಮಾಲ್ರನ್ನ ಕರದು, ‘ಬರ್ರ್ಯೋ, ಒದೀರಿ ಇದನ್ನ’ ಅಂದೆ. ಒದಿಯೂದು ಅಂದ್ರ ಯಾರ ಒಲ್ಲೆ ಅಂತಾರ? ಅವತ್ತ ಝೇಂಡಾ ಹಾರಿಸೋ ದಿನ, ಎಲ್ಲಾರಿಗೂ ಸೂಟಿ. ಹಂಗ ಸುರು ಆತು.”

ಬೇಸಿಗೆಯಲ್ಲಿ ತೊಗಲು ಬಿರಿಯಬಾರದೆಂದು ವಾರಕ್ಕೊಮ್ಮೆ ಔಡಲೆಣ್ಣೆ ತಿಕ್ಕುತ್ತಾನಂತೆ. ಇಪ್ಪತ್ತೈದು ವರ್ಷದಲ್ಲಿ ತುಂಡುಗಳನ್ನೆಲ್ಲ ಒಂದೊಂದಾಗಿ ಬದಲಿಸಿದ್ದಾನೆ. ಆದರೂ ಅದು ಅದೇ ಚೆಂಡು ಅನ್ನುತ್ತಾನೆ. ನಿಮ್ಮನ್ನು ಕೇಳಿದ. “ಇಮಾಮನ ಕೈಯಾಗ ಚೆಂಡ ಹ್ವಾದ್ರ ನಮ್ಮ ಮನಿಗೆ ಬಂದಂಗ ಇರತಿತ್ತು,” ಅಂದ.

ಹದಿನಾಲ್ಕು ಪುಟ ಬರೆದಾಗಿದೆ. ನಾನು ಈವರೆಗೆ ಬರೆದುದರಲ್ಲಿ ಇದೇ ಒಳ್ಳೆಯದು.

ಇನ್ನೊಂದು ಸುದ್ದಿ. ಬರುವ ಜೂನಿಗೆ ಊರಿಗೆ ಕಾಲೇಜು ಬರುತ್ತದಂತೆ. ಈರಬಸಪ್ಪ ಸಾವಕಾರರೇ ಆ ಸಂಸ್ಥೆಯ ಅಧ್ಯಕ್ಷರು. ಕನ್ನಡಕ್ಕೆ ಒಬ್ಬರು ಬೇಕೆಂದು ಅಪ್ಪನ ಹತ್ತಿರ ಅಂದರಂತೆ. ನನ್ನ ಹತ್ತಿರ ಏನೂ ಅಂದಿಲ್ಲ.

ಬಿಸಿಲಿನ ವಿಷಯ. ಮೂರೂ ಗೋಲು ಗೂಡ್ಸ್‌ಶೆಡ್ ಕಡೆಯ ಗೋಲಿನಲ್ಲಿ ಆದವು ಎಂದು ನನ್ನ ನೆನಪು. ಸಂಜೆ ಅಲ್ಲಿ ಬಿಸಿಲು ಬೆನ್ನಿಗೆ ಬೀಳುತ್ತದೆ. ನಾನು ನಿಮ್ಮ ಹಿಂದೆಯೇ ಇದ್ದೆ. ನನ್ನ ನೆನಪು ತಪ್ಪಿರಬಹುದು.

ನಿಮ್ಮ
ಮಡಿವಾಳೆಪ್ಪ

*

ಗುಂತಕಲ್
೨ ನವೆಂಬರ್ ೧೯೭೬

ಮಡಿವಾಳೆಪ್ಪ,

ಕಟ್ಟೆಯ ಮೇಲೆ ಕುಳಿತೆಯಾ? ಆಯಿತು. ನಿನಗಿಂತ ನಲವತ್ತು ವರ್ಷ ದೊಡ್ಡವರಿಗೆ ‘ಅವನು’ ಎಂದು ಬರೆದದ್ದನ್ನೂ ನೋಡಿದೆ. ಎಂ.ಎ.ಯಲ್ಲಿ ಅದನ್ನು ಕಲಿಸುವುದಿಲ್ಲವೇನೋ.

ಹಳೆಯದನ್ನು ಕೆದಕಬೇಡ. ಬಿಸಿಲು ಅಂದರೆ ಬಿಸಿಲು.

ರಾಮಪ್ಪಮಾಮಾನ ಫೋಟೋ ಮೊದಲ ಪುಟದಲ್ಲಿ ಬರಲಿ. ಹೆಸರು ದೊಡ್ಡ ಅಕ್ಷರದಲ್ಲಿ ಹಾಕಿಸು. ಆ ಕಾಲೇಜಿನ ಮಾತು ಬಂದಾಗ ಎರಡೂ ಕಿವಿ ತೆರೆದಿಟ್ಟುಕೋ. ನೌಕರಿ ಕೊಡುತ್ತೇನೆ ಅನ್ನುವವರ ಮಾತು ಕೇಳಿದ ಅನುಭವ ನನಗಿದೆ.

ಇಮಾಮುದ್ದೀನ

*

ಅಣ್ಣಿಗೇರಿ
೫ ಜನವರಿ ೧೯೭೭

ಮಾನ್ಯ ಇಮಾಮಭಾಯಿ ಅವರಿಗೆ,

ಕಾಗದ ತಡವಾಯಿತು, ಕ್ಷಮಿಸಿ. ಅಪ್ಪನಿಗೆ ಜ್ವರವಿತ್ತು. ನಾನೂ ಗದಗಿನ ಪ್ರೆಸ್ಸಿಗೆ ಓಡಾಡುತ್ತಿದ್ದೆ. ಸಂಚಿಕೆ ಅಚ್ಚಾಗುತ್ತಿದೆ. ಜಾಹೀರಾತು ಎಣಿಸಿದ್ದಕ್ಕಿಂತ ಹೆಚ್ಚು ಬಂದವು. ಸ್ಥಳವಿಲ್ಲದೆ ಕೆಲವು ಸಂಗತಿ ಬಿಡಬೇಕಾಯಿತು. ಸಂಪಾದಕ ಮಂಡಳಿ ಇರುವಾಗ ಒಬ್ಬನ ಮಾತೇ ನಡೆಯುವುದಿಲ್ಲ, ನಿಮಗೆ ತಿಳಿದದ್ದೇ.

ಹತ್ತಿರದಿಂದ ನೋಡಿದರೆ ಮುದಕಪ್ಪ ಅಂಥ ಕೆಟ್ಟವನಲ್ಲ ಎನ್ನಿಸುತ್ತದೆ. ಕೆಲಸಗಾರ. ಹುಬ್ಬಳ್ಳಿಗೆ ಹೋಗಿ ಹೊಸ ರಬ್ಬರ್ ಚೆಂಡು ತಂದಿದ್ದಾನೆ. ಹೊಲಿಗೆಯಿಲ್ಲ, ಲೇಸಿಲ್ಲ, ಎಣ್ಣೆ ತಿಕ್ಕಬೇಕಿಲ್ಲ. ತೊಗಲಲ್ಲವಾದ್ದರಿಂದ ಸಾವಕಾರರು ಅದನ್ನು ತಮ್ಮ ದೇವರ ಕೋಣೆಯಲ್ಲಿಯೇ ಇಟ್ಟುಕೊಂಡಿದ್ದಾರೆ. ರಾಮಪ್ಪನವರಿಗೂ ವಯಸ್ಸಾಯಿತು. ಅವರ ಭಾರ ಕಡಿಮೆಯಾಯಿತು ಎನ್ನಬಹುದು.

ಇಪ್ಪತ್ತಾರಕ್ಕೆ ಬಂದರೆ ಎಲ್ಲರಿಗೂ ಸಂತೋಷ. ಕೆಲಸದ ಒತ್ತಡವಿದ್ದರೆ ಬಲವಂತವಿಲ್ಲ.

ಮಡಿವಾಳೆಪ್ಪ

*

ಗುಂತಕಲ್
೧ ಫೆಬ್ರುವರಿ ೧೯೭೭

ಮಡಿವಾಳೆಪ್ಪ ಎಂ.ಎ. ಅವರಿಗೆ,

ನಿಮ್ಮೂರಿನ ಸಂಚಿಕೆ ಹುಬ್ಬಳ್ಳಿ ಪ್ಯಾಸೆಂಜರಿನ ಗಾರ್ಡಿನ ಕೈಯಲ್ಲಿ ಬಂತು. ಬ್ರೇಕ್‌ವ್ಯಾನಿನ ಮೆಟ್ಟಿಲ ಮೇಲೆ ಕುಳಿತು ಓದಿದೆ.

‘ಕ್ಲಬ್ಬಿನ ಸಂಸ್ಥಾಪಕರು ದಿವಂಗತ ಸಂಗನಬಸಪ್ಪನವರು.’ ಅಂದರೆ ಈರಬಸಪ್ಪನ ತಂದೆ. ಆ ಮುದುಕ ಬದುಕಿದ್ದಾಗ ಚೆಂಡು ಮುಟ್ಟಿ ಬಂದ ಹಮಾಲರಿಗೆ ಗಿರಣಿಯ ಹರವಿಯಿಂದ ನೀರು ಕೊಡಿಸುತ್ತಿರಲಿಲ್ಲ. ‘ಹರಿದ ಚೆಂಡೊಂದನ್ನು ಕಂಡು, ಕೊಯ್ಯಲು ಮನಸ್ಸಾಗದೆ, ಅದನ್ನು ಸರಿಪಡಿಸಿ ಬಡವರನ್ನು ಆಟಕ್ಕೆ ಕರೆದರು.’ ಕೊಯ್ಯಲು ಮನಸ್ಸಾಗದೆ! ಸಂಗನಬಸಪ್ಪನ ಕೈಯಲ್ಲಿ ಆರಿ ಮತ್ತು ದಾರ! ಇದನ್ನು ಬರೆದವನಿಗೆ ನಗು ಬರಲಿಲ್ಲವೆ?

ಎಂಟು ಫೋಟೋ ಇವೆ. ಒಂದು ಗಿರಣಿಯ ಬಾಯ್ಲರಿನದು. ೧೯೬೪ರ ಗುಂಪಿನ ಫೋಟೋದಲ್ಲಿ ರಾಮಪ್ಪಮಾಮಾ ನನ್ನ ಬಲಕ್ಕೆ ನಿಂತಿದ್ದರು. ಈಗ ಅಲ್ಲಿ ಅರ್ಧ ಭುಜ ಮಾತ್ರ ಇದೆ. ಕತ್ತರಿ ಹಾಕಿದವನಿಗೆ ನನ್ನ ಕೈ ಅಡ್ಡ ಬಂದಿರಬೇಕು, ಅದಕ್ಕೆ ಅಷ್ಟು ಉಳಿದಿದೆ.

ಆಮೇಲೆ ಇದು: ‘೧೯೬೮ರ ಸೋಲಿಗೆ ಅಂದಿನ ಮ್ಯಾನೇಜರರ ಅಜಾಗರೂಕತೆಯೇ ಕಾರಣ.’ ಸತ್ತವರ ಮೇಲೆ.

ಕೆಟ್ಟದಾಗಿ ಬರೆದಿದ್ದರೆ ಉಗುಳಿ ಬಿಸಾಡುತ್ತಿದ್ದೆ. ಚೆನ್ನಾಗಿ ಬರೆದಿದ್ದಾನೆ ನಾಯಿ. ಅದರಿಂದಲೇ ವಾಂತಿ ಬರುತ್ತದೆ. ಮೊದಲ ಸಾಲು ಹೀಗಿದೆ: ‘ಬೇಸಿಗೆಯಲ್ಲಿ ನಮ್ಮ ಎರೆಮಣ್ಣಿನ ಮೈದಾನ ಸಾವಿರ ಬಾಯಿ ತೆರೆದು ಸಂಸ್ಥಾಪಕರ ಹೆಸರು ಹೇಳುತ್ತದೆ.’ ಎಲ್ಲೋ ಓದಿದಂತಿದೆಯಲ್ಲ ಎಂದು ಟ್ರಂಕು ತೆಗೆದು ಹುಡುಕಿದೆ. ಸಿಕ್ಕಿತು.

ಬರೆದವನ ಹೆಸರು ಸಂಚಿಕೆಯಲ್ಲಿ ಎಲ್ಲೂ ಇಲ್ಲ. ಯಾರೆಂದು ಅವನ ಕೈಬರಹದಲ್ಲೇ ನನಗೆ ತಿಳಿಸು.

ಇಮಾಮುದ್ದೀನ

*

ಅಣ್ಣಿಗೇರಿ
೯ ಫೆಬ್ರುವರಿ ೧೯೭೭

ಇಮಾಮಭಾಯಿ,

ನಾನೇ ಬರೆದೆ.

ನವೆಂಬರಿನಲ್ಲಿ ಹದಿನಾಲ್ಕು ಪುಟಗಳನ್ನು ಸಾವಕಾರರಿಗೆ ಕೊಟ್ಟಿದ್ದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು, “ಭಾಳ ಚಲೋ ಬರದೀಯೋ. ಹೆಸರಷ್ಟ ತಪ್ಪ ಬಿದ್ದಾವು,” ಅಂದರು. “ರಾಮಪ್ಪ ಅಂತ ಇದ್ದಲ್ಲೆಲ್ಲಾ ನಮ್ಮ ಅಪ್ಪನ ಹೆಸರು ಹಾಕು. ಉಳಿದದ್ದು ಹಂಗ ಇರಲಿ. ಜೂನ್‌ದಾಗ ಕಾಲೇಜಿಗೆ ಬರಾಂವ ಅದೀಯಲ್ಲ, ಕೈ ತಿದ್ದಿಕೊಂಡಂಗೂ ಆಗತೈತಿ.” ನಾನು ಹೂಂ ಅಂದೆ. ಇಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕು, ಹೂಂ ಎನ್ನಲು ತೆರೆಯಬೇಕಾಗಿಲ್ಲ. ಅದೇ ವಾರ ಗೂಡ್ಸ್‌ಶೆಡ್ಡಿನ ಗೋಡೆಗೆ ‘ಮಾತು ಕಡಿಮೆ, ಹೆಚ್ಚು ದುಡಿಮೆ’ ಎಂದು ಸರಕಾರದವರು ಬಣ್ಣದಲ್ಲಿ ಬರೆಸಿ ಹೋಗಿದ್ದರು. ನನ್ನನ್ನೇ ನೋಡಿ ಬರೆದಂತಿತ್ತು.

ಇದಿಷ್ಟೇ ಆಗಿದ್ದರೆ ನಾನು ನಿಮಗೆ ಉತ್ತರ ಬರೆಯದೆ ಇದ್ದುಬಿಡುತ್ತಿದ್ದೆನೇನೋ. ಇದಕ್ಕಿಂತ ಹೊಲಸಾದದ್ದು ಇಪ್ಪತ್ತಾರರಂದು ನಡೆಯಿತು.

ರಬ್ಬರ್ ಚೆಂಡಿಗೆ ಕುಂಕುಮ ಹಚ್ಚಿ, ಬೆಳ್ಳಿಯ ಹರಿವಾಣದಲ್ಲಿಟ್ಟು, ಸನಾದಿ ಊದಿಸಿಕೊಂಡು ಮೈದಾನಕ್ಕೆ ತಂದರು. ಎದುರಿಗೆ ನವಲಗುಂದದವರು. ಬಿರಿದ ಎರೆಯ ಮೇಲೆ ಆ ಚೆಂಡು ಆಡಿನ ಮರಿಯಂತೆ ಜಿಗಿಯುತ್ತಿತ್ತು, ಯಾರ ಕಾಲಿಗೂ ನಿಲ್ಲಲಿಲ್ಲ. ಹನ್ನೆರಡು ನಿಮಿಷಕ್ಕೆ ಮೂಲೆಯ ಜಾಲಿಮುಳ್ಳಿನ ಕಂಟಿಗೆ ಹೋಗಿ ಬಿತ್ತು. ಮುದಕಪ್ಪ ಅದನ್ನು ಎತ್ತಿ ಕಿವಿಗೆ ಹಿಡಿದು, ವೇದಿಕೆಯ ಮೇಲಿದ್ದ ಅತಿಥಿಗಳ ಮುಂದೆಯೇ, “ಸಾವಕಾರ್ರ, ಚೆಂಡ ಉಸರ ಬಿಟ್ಟೈತ್ರಿ!” ಎಂದು ಕೂಗಿದ. ಸೈಕಲ್ ಅಂಗಡಿಯವ ತೇಪೆ ಹಚ್ಚಿದ, ನಿಲ್ಲಲಿಲ್ಲ. ನವಲಗುಂದದವರು ನಗುತ್ತ ಲಾರಿ ಹತ್ತಲು ಹೊರಟರು.

“ಹಳೀ ಚೆಂಡ ತರ್ರಿ,” ಅಂದರು ಸಾವಕಾರರು. ಆಟಗಾರರಲ್ಲಿ ಒಬ್ಬನೂ ಕದಲಲಿಲ್ಲ. ಸಂಚಿಕೆ ಮುಂಜಾನೆಯೇ ಹಂಚಿಕೆಯಾಗಿತ್ತು, ಓದಿದವರು ಉಳಿದವರಿಗೆ ಹೇಳಿದ್ದರು. ಯಾವ ಮುಖ ಹೊತ್ತು ಆ ಮನೆಗೆ ಹೋಗುವುದು? ಸಾವಕಾರರು ನನ್ನತ್ತ ಬೆರಳು ಮಾಡಿದರು.

ಅಕ್ಟೋಬರಿನಲ್ಲಿ ನಾನು ಕಟ್ಟೆಯ ಮೇಲೆ ಕುಳಿತದ್ದು ಗಾಳಿಗಾಗಿ ಅಲ್ಲ. ರಾಮಪ್ಪಕಾಕಾ ಎರಡು ಸಲ ಒಳಗೆ ಕರೆದಿದ್ದರು. ಇಪ್ಪತ್ತಾರರಂದು ಒಳಗೆ ಹೋದೆ. ತಾಯವ್ವ ನೀರು ಕೊಟ್ಟಳು, ಕುಡಿದೆ. ಸಂಚಿಕೆ ನನ್ನ ಕೈಯಲ್ಲೇ ಇತ್ತು. ಕಾಕಾ ಅದನ್ನು ನೋಡಿ, “ಚೆಂಡ ಕೊಡತೀನಿ ತಮ್ಮಾ. ಮದಲ ನೀ ಬರದದ್ದನ್ನ ಓದು,” ಅಂದರು.

ಪುಟ ತೆರೆದೆ. ಅದರಲ್ಲಿ ಇಲ್ಲದ್ದನ್ನು ಓದಿದೆ.

ನನ್ನ ಹದಿನಾಲ್ಕು ಪುಟ ನನಗೆ ಬಾಯಿಪಾಠವಿದ್ದವು. ಗಾರ್ಡು, ಹರಿದ ಚೆಂಡು, ಹದಿನೆಂಟು ತುಂಡು, ಹಮಾಲರು, ಔಡಲೆಣ್ಣೆ, ಎಲ್ಲವನ್ನೂ ರಾಮಪ್ಪ, ರಾಮಪ್ಪ ಎಂದು ಅವರ ಹೆಸರಿನಲ್ಲೇ ಓದಿದೆ. ನಡುನಡುವೆ ಪುಟ ತಿರುವಿದೆ. ನನ್ನ ದನಿ ಅಷ್ಟು ಜೋರಾಗಿರುವುದನ್ನು ನಾನೇ ಮೊದಲ ಸಲ ಕೇಳಿದೆ. ತಾಯವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ಒದಿಯೂದು ಅಂದದ್ದನ್ನೂ ಬರದಾನ ನೋಡ!” ಅಂದಳು.

ಓದಿ ಮುಗಿಸಿದ ಮೇಲೆ ಕಾಕಾ ಹತ್ತಿರ ಸರಿದರು. “ನನ್ನ ಹೆಸರ ಎಲ್ಲೈತಿ? ಬಟ್ಟಿಟ್ಟ ತೋರಸು,” ಅಂದರು.

ಬೆರಳಿಟ್ಟೆ. ಸಂಗನಬಸಪ್ಪ ಎಂಬುದರ ಮೇಲೆ ಇಟ್ಟೆ.

ಅವರು ಬಹಳ ಹೊತ್ತು ನೋಡಿದರು. “ಇಷ್ಟುದ್ದ ಐತೇನ?” ಅಂದರು.

“ಅಚ್ಚಿನಾಗ ಹಂಗ ಕಾಣತೈತಿ,” ಅಂದೆ.

ಆಮೇಲೆ ಎದ್ದರು. ಚೆಂಡನ್ನು ಬಟ್ಟೆಯಿಂದ ಒರೆಸಿ ಎರಡೂ ಕೈಯಲ್ಲಿ ಕೊಟ್ಟರು. ಮೈದಾನಕ್ಕೆ ತಂದೆ. ನಾವೇ ಗೆದ್ದೆವು, ಎರಡು ಒಂದು. ಸಾವಕಾರರು ಬೆನ್ನು ತಟ್ಟಿದರು. ಸಂಚಿಕೆಯನ್ನು ಕಾಕಾ ಇಸಿದುಕೊಂಡು ಹಲಗೆಯ ಮೇಲೆ ಎತ್ತಿಟ್ಟಿದ್ದಾರೆ. ಪಾಪ, ನಂಬಿದ್ದಾರೆ. ಅದನ್ನು ನೆನೆದರೆ ಈ ಬೆರಳಿನಿಂದ ಊಟ ಮಾಡಲು ಹೇಸಿಗೆಯಾಗುತ್ತದೆ.

ಮಡಿವಾಳೆಪ್ಪ

*

ಗುಂತಕಲ್
೨೦ ಫೆಬ್ರುವರಿ ೧೯೭೭

ಮೂಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಬೈಯಬೇಕೆಂದು ಕುಳಿತವನು ಈಗ ನನ್ನದನ್ನು ಬರೆಯುತ್ತಿದ್ದೇನೆ.

ಬಿಸಿಲು ನನ್ನ ಬೆನ್ನಿಗೇ ಇತ್ತು. ಫೈನಲ್ಲಿನ ಹಿಂದಿನ ದಿನ ಹೊಳೆಪ್ಪ ನನ್ನನ್ನು ಅಡತಿ ಅಂಗಡಿಗೆ ಕರೆಸಿದ. “ಮೂರ ಗೋಲ ಬಿಡು. ಶರೀಫ ಹೋಗತಾನ, ಅವನ್ನ ಮ್ಯಾನೇಜರ್ ಮಾಡಿದ ಈರಬಸಪ್ಪನೂ ಮಾನ ಹೋಗಿ ತಾನ ಬಿಡತಾನ. ಕ್ಲಬ್ಬ ನಂದು, ರೈಲ್ವೆ ನೌಕರಿ ನಿಂದು,” ಅಂದ. ನಾನು ಹೂಂ ಅಂದೆ. ನಿನ್ನ ಹಾಗೆಯೇ.

ಆಟ ಮುಗಿದ ಮೇಲೆ ಶರೀಫಸಾಬರು ಎಲ್ಲರ ಬೈಗುಳದ ನಡುವೆ ನನ್ನ ಹತ್ತಿರ ಬಂದರು. ನನ್ನ ಎರಡೂ ಅಂಗೈ ಹಿಡಿದು ತಿರುವಿ ನೋಡಿ, “ಕೈ ನೋಯಾಕ ಹತ್ತಿತ್ತೇನ ಮಗಾ? ಹೇಳಬಾರದಾ?” ಅಂದರು. ಮರುದಿನ ಅವರ ಅಂಗಡಿಯ ಬಾಗಿಲಿಗೆ ಊರವರು ಹರಕು ಚಪ್ಪಲಿಯ ಸರ ಕಟ್ಟಿದ್ದರು. ಜನ ಹೊಲಿಗೆಗೆ ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಶರೀಫಸಾಬರು ೧೯೭೨ರಲ್ಲಿ ತೀರಿಕೊಂಡರು. ನಾನು ಜನಾಜೆಗೂ ಬರಲಿಲ್ಲ.

ನೀನು ನೋಡಿದ್ದೀ ಎಂದು ನನಗೆ ಅಂದೇ ಗೊತ್ತಿತ್ತು. ಮೂರನೆಯ ಗೋಲಿನ ಚೆಂಡು ಕೊಡುವಾಗ ನೀನು ನನ್ನ ಮುಖ ನೋಡಲಿಲ್ಲ. ಮೂಕ ಇದ್ದಾನೆ, ಹೇಳುವುದಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಿನ್ನ ಬಾಯಿ ಮುಚ್ಚಿದ್ದರಲ್ಲಿ ನನ್ನ ಪಾಲೂ ಇದೆ.

ಇನ್ನೊಂದು ಮಾತು. ಇದನ್ನು ಕೂತು ಓದು.

೧೯೬೪ರಲ್ಲಿ ಕ್ಲಬ್ಬಿನ ಯಾದಿಗೆ ಸಹಿ ಬೇಕಾಗಿತ್ತು. ರಾಮಪ್ಪಮಾಮಾ ಹೆಬ್ಬೆಟ್ಟು ಒತ್ತಲು ಒಪ್ಪಲಿಲ್ಲ. ಗೂಡ್ಸ್‌ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಿಂದ ನಾನೇ ಅವರಿಗೆ ಅವರ ಹೆಸರು ಕಲಿಸಿದೆ. ಬೇರೆ ಒಂದಕ್ಷರವೂ ಬರುವುದಿಲ್ಲ. ಆದರೆ ರಾ, ಮ, ಪ್ಪ, ಆ ಮೂರು ಬರುತ್ತವೆ. ಚುರಮುರಿ ಕಟ್ಟಿದ ಕಾಗದವನ್ನೂ ಬಿಚ್ಚಿ, ತನ್ನ ಹೆಸರು ಇದೆಯೇ ಎಂದು ಹುಡುಕುತ್ತಿದ್ದರು.

ಅವರು ನಂಬಲಿಲ್ಲ, ಮಡಿವಾಳೆಪ್ಪ. ಎಲ್ಲ ಗೊತ್ತಿದ್ದೇ ಚೆಂಡು ಕೊಟ್ಟರು.

ನನಗೆ ಪಾಸು ಇದೆ, ರಜೆ ಇದೆ, ಊರಿಗೆ ಬರುವ ಮುಖ ಇಲ್ಲ. ನೀನು ಅಲ್ಲೇ ಇದ್ದೀ. ಶರೀಫಸಾಬರ ಹೆಸರು ತೊಳೆಯಬೇಕು. ನನ್ನ ಹೆಸರು ಹೇಳಿ ತೊಳೆ.

ಇಮಾಮುದ್ದೀನ

*

ಅಣ್ಣಿಗೇರಿ
೧೪ ಮಾರ್ಚ್ ೧೯೭೭
(ಕಾರ್ಡು ಒಂದು)

ಬಸಣ್ಣಾ, ಹೇಗೂ ಓದುತ್ತೀ. ಚಹಾದಂಗಡಿಯಲ್ಲಿ ನಿಂತು ಜೋರಾಗಿ ಓದು.

ಇಮಾಮಭಾಯಿ, ಕ್ಲಬ್ಬಿನ ಸಂಚಿಕೆಯಲ್ಲಿರುವ ಇತಿಹಾಸವನ್ನು ಬರೆದವನು ನಾನು, ಮಾಸ್ತರರ ಮಗ ಮಡಿವಾಳೆಪ್ಪ. ಅದು ಸುಳ್ಳು. ಈರಬಸಪ್ಪ ಸಾವಕಾರರು ಹೆಸರು ಬದಲಿಸು ಅಂದರು, ಕಾಲೇಜಿನ ನೌಕರಿಯ ಆಸೆಗೆ ಬದಲಿಸಿದೆ. ಗೂಡ್ಸ್‌ಶೆಡ್ ಕ್ಲಬ್ಬನ್ನು ಕಟ್ಟಿದವರು ರಾಮಪ್ಪ. ಚೆಂಡು ಹೊಲಿದವರು ರಾಮಪ್ಪ. ೧೯೬೮ರ ಸೋಲಿಗೆ ಶರೀಫಸಾಬರು ಕಾರಣರಲ್ಲ. ಹೊಳೆಪ್ಪನವರ ಮಾತಿಗೆ ಗೋಲು ಬಿಟ್ಟವರು ನೀವು. ನೀವೇ ‘ಹೇಳು’ ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

(ಕಾರ್ಡು ಎರಡು)

ನಿನ್ನೆ ರಾಮಪ್ಪಕಾಕಾ ಅವರ ಮನೆಗೆ ಹೋಗಿದ್ದೆ. ಹೊಸ್ತಿಲ ಹತ್ತಿರ ಹೋಗುವುದರೊಳಗೆ ಅವರೇ ಎದ್ದು ಬಾಗಿಲಿಗೆ ಬಂದು ನಿಂತರು. “ಒಳಗ ಬರೂದು ಬ್ಯಾಡ್ರಿ,” ಅಂದರು. ನನಗೆ ‘ರೀ’ ಹಚ್ಚಿದ್ದು ಅದೇ ಮೊದಲು. “ಒಳಗ ಚೆಂಡಿಲ್ರಿ ಈಗ.”

ಹದಿನೆಂಟೂ ತುಂಡು ಬಿಚ್ಚಿದ್ದಾರೆ. ಊರವರ ಚಪ್ಪಲಿಗೆ ತೇಪೆ ಹಾಕುತ್ತಿದ್ದಾರೆ. ಹನ್ನೊಂದು ಆಗಲೇ ಹೋಗಿವೆ. ಒಂದು ಮುದಕಪ್ಪನ ಕಾಲಲ್ಲಿದೆ, ಅವನಿಗೆ ಗೊತ್ತಿಲ್ಲ. ನಾನು ಹೇಳಬೇಕೆಂದು ಕಟ್ಟಿಕೊಂಡು ಹೋದ ಮಾತನ್ನೆಲ್ಲ ಹೇಳಿದೆ, ನಿಮ್ಮದನ್ನೂ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದರು. “ಎಡಗಾಲಿಂದು ಹರದೈತ್ರಿ. ಬಿಟ್ಟ ಹೋಗ್ರಿ,” ಅಂದರು.

ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಮನೆಗೆ ಬಂದೆ. ತರಲು ಇನ್ನೂ ಹೋಗಿಲ್ಲ.

ಮಡಿವಾಳೆಪ್ಪ